ಪರರ ಹಣ, ಯಜಮಾನನ ಕಣ್ಣು

ಹಣದ ವ್ಯಾಪಾರವು ಉಳಿದ ವ್ಯಾಪಾರಗಳಿಗಿಂತ ಬೇರೆ ತೆರನಾದುದು. ಅರಿವೆಯಂಗಡಿಯವನು ತನ್ನ ಬಂಡವಾಳದಿಂದ ಕೊಂಡ ಅರಿವೆಯನ್ನು ಮಾರುತ್ತಾನೆ; ನಷ್ಟವಾದರೆ ಮೊದಲು ಕರಗುವುದು ಅವನದೇ ಗಂಟು. ಹಣದ ಪೇಢಿಯನ್ನು ನಡೆಸುವವನಾದರೋ ಕೆಲವರು ನಂಬಿ ತಂದಿರಿಸಿದ ಹಣವನ್ನು ಬೇರೆ ಕೆಲವರಿಗೆ ಸಾಲವಾಗಿ ಕೊಟ್ಟು, ಆ ಎರಡರ ನಡುವೆ ನಿಂತು ಬಾಳುತ್ತಾನೆ. ಅವನ ಕೈ ತಪ್ಪಿದರೆ ಮುಳುಗುವುದು ಮಗಳ ಮದುವೆಗೆಂದು ಕೂಡಿಟ್ಟವನ ಹಣ, ಮುಪ್ಪಿನ ಕಾಲಕ್ಕೆಂದು ಇರಿಸಿದವಳ ಹಣ. ಇಂಥ ಪೇಢಿಯು ಒಂದು ಮನೆತನದ ಸ್ವತ್ತಾಗಿ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬರುವಾಗ ಹೊಣೆಯು ಇನ್ನೂ ತೊಡಕಿನದಾಗುತ್ತದೆ. ಮನೆಯ ಮರ್ಯಾದೆ ಯಾವುದು, ಪೇಢಿಯ ಹಣ ಯಾವುದು, ಅಳಿಯನ ಮುಖದಾಕ್ಷಿಣ್ಯ ಯಾವುದು, ಠೇವಣಿ ಇಟ್ಟವನ ಹಕ್ಕು ಯಾವುದು ಎಂಬ ಗೆರೆಗಳು ಅಳಿಸಿಹೋಗುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ.

ಆದಕಾರಣ ಇಂಥ ಮನೆಯ ಯಜಮಾನನು ಯಾವ ತತ್ತ್ವವನ್ನು ಹಿಡಿದು ನಡೆಯಬೇಕು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಬಾಳಿದ ಮೆಡಿಚಿ ಮನೆತನದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ತಿಳಿಯಾದ ಉತ್ತರವೊಂದು ದೊರೆಯುತ್ತದೆ. ಅವರ ಪೇಢಿಯು ೧೩೯೭ರಲ್ಲಿ ಹುಟ್ಟಿ ೧೪೯೪ರಲ್ಲಿ ಅಳಿಯಿತು. ಅದರ ಏಳಿಗೆ ಮತ್ತು ಪತನ ಎರಡೂ ಬರಹದಲ್ಲಿ ಉಳಿದುಬಂದಿವೆ. ಫ್ಲಾರೆನ್ಸಿನ ಸರಕಾರಿ ಪತ್ರಾಗಾರದಲ್ಲಿ ೧೯೫೦ರಲ್ಲಿ ಆ ಮನೆತನದ ಮೂರು ಗುಪ್ತ ಲೆಕ್ಕದ ಪುಸ್ತಕಗಳು ದೊರೆತವು. ಪಾಲುಗಾರರ ಬಂಡವಾಳವೆಷ್ಟು, ಲಾಭವೆಷ್ಟು ಎಂಬುದನ್ನು ಗುಮಾಸ್ತರ ಕಣ್ಣಿಗೆ ಬೀಳದಂತೆ ಬರೆದಿಡುತ್ತಿದ್ದ ಪುಸ್ತಕಗಳವು. ಅವುಗಳ ಆಧಾರದಿಂದ ರೇಮಂಡ್ ಡಿ ರೂವರ್ ಎಂಬ ವಿದ್ವಾಂಸನು ೧೯೬೩ರಲ್ಲಿ ಆ ಪೇಢಿಯ ಚರಿತ್ರೆಯನ್ನು ವಿಸ್ತಾರವಾಗಿ ಪ್ರಕಟಿಸಿದನು. ಅದರಿಂದ ತಿಳಿದುಬರುವ ಸಂಗತಿಗಳು ಪೇಢಿಯ ಯಜಮಾನರಿಗೆ ಮಾತ್ರವಲ್ಲದೆ ಅಣ್ಣತಮ್ಮಂದಿರು ಕೂಡಿ ವ್ಯವಹಾರ ನಡೆಸುವ ಯಾವ ಮನೆಗಾದರೂ ಉಪಯುಕ್ತವಾಗಿವೆ.

ತಂದೆ ಕಟ್ಟಿದ ಮನೆ

ಪೇಢಿಯ ಮೂಲಪುರುಷನು ಜೊವಾನ್ನಿ ಡಿ ಬಿಚ್ಚಿ ಮೆಡಿಚಿ. ಅವನು ಮೊದಲು ರೋಮಿನಲ್ಲಿ ತನ್ನ ಬಂಧುವೊಬ್ಬನ ಪೇಢಿಯಲ್ಲಿ ದುಡಿದು ಕೆಲಸ ಕಲಿತವನು. ೧೩೯೭ರಲ್ಲಿ ಫ್ಲಾರೆನ್ಸಿಗೆ ಬಂದು ೧೦,೦೦೦ ಫ್ಲಾರಿನ್ ಚಿನ್ನದ ನಾಣ್ಯಗಳ ಬಂಡವಾಳದಿಂದ ಸ್ವಂತ ಪೇಢಿಯನ್ನು ತೆರೆದನು. ಅದರಲ್ಲಿ ೫,೫೦೦ ಅವನದು, ಉಳಿದುದು ಇಬ್ಬರು ಪಾಲುಗಾರರದು. ಆ ಕಾಲದಲ್ಲಿ ಬಡ್ಡಿ ತೆಗೆದುಕೊಳ್ಳುವುದು ಪಾಪವೆಂದು ಕ್ರೈಸ್ತಧರ್ಮಪೀಠವು ವಿಧಿಸಿದ್ದುದರಿಂದ ಪೇಢಿಗಳು ಊರಿಂದೂರಿಗೆ ಹುಂಡಿ ಬರೆದು, ನಾಣ್ಯದ ವಿನಿಮಯದ ಅಂತರದಿಂದ ಲಾಭ ಪಡೆಯುತ್ತಿದ್ದವು. ಠೇವಣಿ ಇಟ್ಟವರಿಗೆ ಇಂತಿಷ್ಟೆಂದು ಮಾತು ಕೊಡದೆ, ಲಾಭ ಬಂದಾಗ ಪೇಢಿಯ ವಿವೇಚನೆಯಂತೆ ಒಂದು ಪಾಲನ್ನು ಕೊಡುವ ರೂಢಿಯಿತ್ತು.

೧೩೯೭ರಿಂದ ೧೪೨೦ರ ವರೆಗೆ ಈ ಪೇಢಿಗೆ ಸುಮಾರು ಒಂದೂವರೆ ಲಕ್ಷ ಫ್ಲಾರಿನ್ ಲಾಭ ಬಂದಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಧರ್ಮಗುರು ಪೋಪರ ಹಣವನ್ನು ನೋಡಿಕೊಳ್ಳುತ್ತಿದ್ದ ರೋಮಿನ ಶಾಖೆಯದು. ೧೪೨೯ರಲ್ಲಿ ಜೊವಾನ್ನಿ ತೀರಿಕೊಂಡನು. ಯಜಮಾನಿಕೆ ಅವನ ಹಿರಿಯ ಮಗ ಕೋಸಿಮೊನಿಗೆ ಬಂದಿತು. ೧೩೮೯ರಲ್ಲಿ ಹುಟ್ಟಿದ ಕೋಸಿಮೊನಿಗೆ ಆಗ ನಲವತ್ತರ ಹತ್ತಿರದ ವಯಸ್ಸು. ಪೇಢಿಯ ಕೆಲಸವೆಲ್ಲ ಅವನಿಗೆ ಬಲ್ಲ ಕೆಲಸವಾಗಿತ್ತು. ೧೪೩೩ರಲ್ಲಿ ವಿರೋಧಿಗಳು ಅವನನ್ನು ನಗರದಿಂದ ಹೊರಗಟ್ಟಿದರು. ಮರುವರ್ಷವೇ ಅವನು ಮರಳಿ ಬಂದು, ೧೪೬೪ರಲ್ಲಿ ತೀರಿಕೊಳ್ಳುವ ತನಕ, ಸಿಂಹಾಸನವಿಲ್ಲದೆಯೇ ಆ ನಗರದ ಮೊದಲ ಪುರುಷನಾಗಿ ಬಾಳಿದನು. ಪೇಢಿಯು ಅತ್ಯಂತ ಉನ್ನತಿಗೇರಿದುದು ಅವನ ಕಾಲದಲ್ಲಿಯೇ.

ಶಾಖೆ ಹಲವು, ಹೊಣೆ ಬೇರೆ ಬೇರೆ

ರೋಮ್, ವೆನಿಸ್, ಜಿನೀವಾ, ಬ್ರೂಜ್, ಲಂಡನ್, ಅವಿನ್ಯೋನ್, ಮಿಲಾನ್ ಮೊದಲಾದ ನಗರಗಳಲ್ಲಿ ಮೆಡಿಚಿ ಪೇಢಿಯ ಶಾಖೆಗಳಿದ್ದವು. ಫ್ಲಾರೆನ್ಸಿನಿಂದ ಬ್ರೂಜಿಗೋ ಲಂಡನ್ನಿಗೋ ಒಂದು ಪತ್ರ ತಲುಪಲು ವಾರಗಳೇ ಹಿಡಿಯುತ್ತಿದ್ದ ಕಾಲವದು. ಯಜಮಾನನು ದಿನದಿನದ ಅಪ್ಪಣೆ ಕೊಡುವುದು ಸಾಧ್ಯವಿರಲಿಲ್ಲ. ದೂರದ ಕಾರಭಾರಿಗೆ ಸ್ವಾತಂತ್ರ್ಯ ಕೊಡದಿದ್ದರೆ ವ್ಯಾಪಾರ ನಿಲ್ಲುತ್ತದೆ. ಪೂರಾ ಬಿಟ್ಟುಕೊಟ್ಟರೆ ಮನೆಯೇ ಮುಳುಗಬಹುದು. ಈ ಇಕ್ಕಟ್ಟಿಗೆ ಕೋಸಿಮೊ ಕಂಡುಕೊಂಡ ದಾರಿಯು ಬುದ್ಧಿವಂತಿಕೆಯದು. ಒಂದೊಂದು ಶಾಖೆಯನ್ನೂ ಬೇರೆ ಬೇರೆ ಪಾಲುಗಾರಿಕೆಯನ್ನಾಗಿ ಮಾಡಿ, ಅದಕ್ಕೆ ಬೇರೆ ಬಂಡವಾಳ, ಬೇರೆ ಪುಸ್ತಕ, ಬೇರೆ ಕರಾರುಪತ್ರಗಳನ್ನು ಏರ್ಪಡಿಸಿದನು. ಎಲ್ಲದರಲ್ಲಿಯೂ ದೊಡ್ಡ ಪಾಲು ಮೆಡಿಚಿಗಳದು. ಒಂದು ಶಾಖೆಗೆ ಬಂದ ಕೇಡು ಮತ್ತೊಂದಕ್ಕೆ ತಟ್ಟಬಾರದು ಎಂಬುದು ಇದರ ಉದ್ದೇಶ.

ಇದು ಬರಿಯ ಕಾಗದದ ಮಾತಾಗಿರಲಿಲ್ಲ. ಲಂಡನ್ ಶಾಖೆಯಿಂದ ಉಣ್ಣೆಯನ್ನು ಕೊಂಡ ಮಿಲಾನಿನ ವರ್ತಕನೊಬ್ಬನು, ಒಂಬತ್ತು ಅಂಡಿಗೆಗಳನ್ನು ಸರಿಯಾಗಿ ಕಟ್ಟಿರಲಿಲ್ಲವೆಂದು ಬ್ರೂಜ್ ಶಾಖೆಯ ಮೇಲೆ ದಾವೆ ಹೂಡಿದನು. ಎರಡೂ ಒಬ್ಬನೇ ಯಜಮಾನನ ಪೇಢಿಗಳಲ್ಲವೆ ಎಂಬುದು ಅವನ ವಾದ. ಲಂಡನ್ನಿನದು ಬೇರೆ ಪಾಲುಗಾರಿಕೆ, ಬ್ರೂಜಿನದು ಬೇರೆ ಎಂದು ಬ್ರೂಜಿನವರು ಉತ್ತರ ಕೊಟ್ಟರು. ನ್ಯಾಯಾಧೀಶರು ಆ ಉತ್ತರವನ್ನೇ ಎತ್ತಿಹಿಡಿದರು.

ಕಾರಭಾರಿಗೆ ಪಾಲು, ಕಾರಭಾರಿಗೆ ಕಟ್ಟು

ಶಾಖೆಯ ಕಾರಭಾರಿಯನ್ನು ಕೋಸಿಮೊ ಸಂಬಳದ ಆಳಾಗಿ ಕಾಣಲಿಲ್ಲ; ಕಿರಿಯ ಪಾಲುಗಾರನನ್ನಾಗಿ ಮಾಡಿಕೊಂಡನು. ೧೪೫೫ರಲ್ಲಿ ಬ್ರೂಜ್ ಶಾಖೆಯ ಆಂಜೆಲೊ ತಾನಿಯೊಡನೆ ಮಾಡಿಕೊಂಡ ಕರಾರು ಇದಕ್ಕೆ ಒಳ್ಳೆಯ ಉದಾಹರಣೆ. ಶಾಖೆಯ ಬಂಡವಾಳ ಅಲ್ಲಿಯ ನಾಣ್ಯದಲ್ಲಿ ೩,೦೦೦ ಪೌಂಡು. ತಾನಿ ತೊಡಗಿಸಿದುದು ೫೦೦, ಎಂದರೆ ಆರರಲ್ಲೊಂದು ಪಾಲು. ಲಾಭದಲ್ಲಿ ಅವನಿಗೆ ಗೊತ್ತುಮಾಡಿದುದು ಐದರಲ್ಲೊಂದು. ಹಾಕಿದ ಹಣಕ್ಕಿಂತ ಮಿಗಿಲಾದ ಆ ಪಾಲು ಅವನ ದುಡಿಮೆಗೆ ಸಂದ ಬೆಲೆ. ದುಡಿಯುವವನಿಗೆ ಮನೆಯ ಏಳಿಗೆಯಲ್ಲಿ ಪಾಲಿಲ್ಲದಿದ್ದರೆ ಅವನ ಮನಸ್ಸು ಮನೆಯ ಹೊರಗೆ ಅಲೆಯುತ್ತದೆ ಎಂಬ ಲೋಕಾನುಭವ ಈ ಏರ್ಪಾಡಿನ ಹಿಂದೆ ಇದೆ.

ಪಾಲಿನೊಡನೆ ಕಟ್ಟುಗಳೂ ಬಂದವು. ಕಾರಭಾರಿಯು ಬ್ರೂಜಿನಲ್ಲಿಯೇ ನೆಲೆಸಿ ಶಾಖೆಯ ಕೆಲಸವನ್ನಲ್ಲದೆ ಬೇರೆ ವ್ಯಾಪಾರ ಮಾಡಕೂಡದು. ಜೂಜಾಡಕೂಡದು. ಅತ್ಯಲ್ಪ ಬೆಲೆಯದಲ್ಲದ ಉಡುಗೊರೆಯನ್ನು ಸ್ವೀಕರಿಸಕೂಡದು. ಸಾಲ ಕೊಡುವುದಿದ್ದರೆ ಹೆಸರು ಕೆಡದ ವರ್ತಕರಿಗೆ, ಕಸುಬುದಾರ ಒಡೆಯರಿಗೆ ಕೊಡಬೇಕು. ಅರಸರು, ಶ್ರೀಮಂತ ಪ್ರಭುಗಳು, ಮಠಾಧಿಕಾರಿಗಳು ಇವರ ವಿಷಯದಲ್ಲಿ ಅನುಮತಿಯಿಲ್ಲದೆ ಕೈ ಬಿಚ್ಚಕೂಡದು. ಶಾಖೆಯ ಗುಮಾಸ್ತರನ್ನು ನೇಮಿಸುವ ಅಧಿಕಾರವೂ ಅವನಿಗಿಲ್ಲ. ಅವರು ಫ್ಲಾರೆನ್ಸಿನಿಂದಲೇ ನೇಮಕವಾಗಿ ಬರಬೇಕು.

ಅರಸನಿಗೆ ಸಾಲ ಬೇಡವೆಂಬ ನಿಯಮದ ಮರ್ಮವನ್ನು ತಿಳಿಯಬೇಕು. ವರ್ತಕನು ಸಾಲ ತೀರಿಸದಿದ್ದರೆ ನ್ಯಾಯಸ್ಥಾನವಿದೆ. ಅರಸನ ಮೇಲೆ ದಾವೆ ಹೂಡುವವರಾರು? ಅವನಿಗೆ ಒಮ್ಮೆ ಕೊಟ್ಟವನು ಮೊದಲಿನ ಬಾಕಿಯನ್ನು ಉಳಿಸಿಕೊಳ್ಳುವುದಕ್ಕೆಂದೇ ಎರಡನೆಯ ಸಲ, ಮೂರನೆಯ ಸಲ ಕೊಡುತ್ತಾನೆ. ಅರಮನೆಯಲ್ಲಿ ದೊರೆಯುವ ಮನ್ನಣೆ, ಊಟದ ಪಂಕ್ತಿಯಲ್ಲಿ ದೊರೆಯುವ ಮೇಲಿನ ಸ್ಥಾನ, ಇವು ಕಾರಭಾರಿಯ ಕಣ್ಣಿಗೆ ಲಾಭದಂತೆ ಕಾಣುತ್ತವೆ. ಆ ಮನ್ನಣೆ ಕಾರಭಾರಿಯದು, ಕಳೆದ ಹಣ ಠೇವಣಿ ಇಟ್ಟವರದು.

ವರ್ಷಕ್ಕೊಮ್ಮೆ ಲೆಕ್ಕ

ಕಟ್ಟುಗಳನ್ನು ಬರೆದಿಟ್ಟ ಮಾತ್ರಕ್ಕೆ ಅವು ನಡೆಯುವುದಿಲ್ಲವೆಂಬುದನ್ನು ಕೋಸಿಮೊ ಬಲ್ಲವನಾಗಿದ್ದನು. ಫ್ಲಾರೆನ್ಸಿನ ಪಂಚಾಂಗದಲ್ಲಿ ಹೊಸ ವರ್ಷವು ಮಾರ್ಚ್ ೨೫ರಂದು ಆರಂಭವಾಗುತ್ತಿತ್ತು. ಅದರ ಹಿಂದಿನ ದಿನ ಬ್ರೂಜಿನ ಕಾರಭಾರಿಯು ಪುಸ್ತಕಗಳನ್ನು ಮುಗಿಸಿ, ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸಿ ಕಳುಹಿಸಬೇಕೆಂದು ಕರಾರಾಗಿತ್ತು. ಆ ಪತ್ರಿಕೆಯಲ್ಲಿ ಬರಬೇಕಾದ ಸಾಲಗಳ ಮೊತ್ತವೊಂದನ್ನೇ ಬರೆದರೆ ಸಾಲದು. ಒಬ್ಬೊಬ್ಬ ಸಾಲಗಾರನ ಹೆಸರು, ಅವನ ಬಾಕಿ ಬೇರೆ ಬೇರೆಯಾಗಿ ಇರಬೇಕು. ಫ್ಲಾರೆನ್ಸಿನಲ್ಲಿ ಕುಳಿತು ಆ ಹೆಸರುಗಳನ್ನು ಒಂದೊಂದಾಗಿ ಓದಿ, ಯಾವುದು ಬರುವ ಬಾಕಿ, ಯಾವುದು ಸಂಶಯದ ಬಾಕಿ, ಯಾರಿಗೆ ಅತಿಯಾಗಿ ಕೊಟ್ಟಿದೆ ಎಂಬುದನ್ನು ಪರಿಶೀಲಿಸುತ್ತಿದ್ದರು. ಬೇಕೆನಿಸಿದಾಗ ಕಾರಭಾರಿಯನ್ನೇ ಫ್ಲಾರೆನ್ಸಿಗೆ ಕರೆಸಿ ವಿಚಾರಿಸುತ್ತಿದ್ದರು.

ಈ ಕೆಲಸದಲ್ಲಿ ಕೋಸಿಮೊನ ಬಲಗೈಯಾಗಿದ್ದವನು ಜೊವಾನ್ನಿ ಬೆಂಚಿ. ಬಾಲಕನಾಗಿದ್ದಾಗಲೇ ರೋಮಿನ ಶಾಖೆಯನ್ನು ಸೇರಿ, ಜಿನೀವಾದ ಶಾಖೆಯನ್ನು ನಡೆಸಿ, ಅನಂತರ ಮುಖ್ಯ ಕಾರಭಾರಿಯಾಗಿ ೧೪೫೫ರಲ್ಲಿ ಸಾಯುವ ವರೆಗೂ ಅವನು ಪೇಢಿಯ ಎಲ್ಲ ಶಾಖೆಗಳ ಲೆಕ್ಕದ ಮೇಲೆ ಕಣ್ಣಿಟ್ಟಿದ್ದನು. ಅವನು ಮೆಡಿಚಿ ವಂಶದವನಲ್ಲ. ಅವನನ್ನು ಆ ಪದವಿಗೆ ಏರಿಸಿದುದು ಪುಸ್ತಕಗಳನ್ನು ಓದಬಲ್ಲ ಅವನ ಸಾಮರ್ಥ್ಯ.

ಕೋಸಿಮೊನ ಗುಣ, ಕೋಸಿಮೊನ ಕೊರತೆ

ಇಷ್ಟು ಸಿರಿಯಿದ್ದರೂ ಕೋಸಿಮೊ ಆಡಂಬರಕ್ಕೆ ಅಂಜುತ್ತಿದ್ದನು. ಮನೆ ಕಟ್ಟಿಸಲು ಬ್ರುನೆಲೆಸ್ಕಿ ಎಂಬ ಪ್ರಸಿದ್ಧ ಶಿಲ್ಪಿಯು ತಯಾರಿಸಿದ ನಕ್ಷೆ ಅತಿ ವೈಭವದ್ದೆಂದು ಅದನ್ನು ಬಿಟ್ಟು ಮಿಕೆಲೊಟ್ಸೊ ಎಂಬವನ ನಕ್ಷೆಯನ್ನು ಆರಿಸಿಕೊಂಡನೆಂದು ವಸಾರಿಯು ತನ್ನ ಗ್ರಂಥದಲ್ಲಿ ಹೇಳಿರುವ ಕಥೆ ಪ್ರಸಿದ್ಧವಾಗಿದೆ. ಗಳಿಕೆಯ ವಿಷಯದಲ್ಲಿ ಅವನ ಅಂತಃಕರಣವು ಕುಟುಕುತ್ತಲೂ ಇದ್ದಿತು. ತನ್ನ ಸಂಪತ್ತಿನಲ್ಲಿ ಕೆಲವಂಶ ಧರ್ಮದಿಂದ ಬಂದುದಲ್ಲವೆಂಬ ಭಾರವನ್ನು ಕೋಸಿಮೊ ಪೋಪರಲ್ಲಿ ಹೇಳಿಕೊಂಡನೆಂದೂ, ಅವರ ಮಾತಿನಂತೆ ಸಾನ್ ಮಾರ್ಕೊ ಮಠವನ್ನು ಕಟ್ಟಿಸಿಕೊಟ್ಟನೆಂದೂ ಅವನನ್ನು ಹತ್ತಿರದಿಂದ ಬಲ್ಲ ಪುಸ್ತಕವ್ಯಾಪಾರಿ ವೆಸ್ಪಾಸಿಯಾನೊ ಬರೆದಿದ್ದಾನೆ. ಆ ಮಠದ ಗ್ರಂಥಭಂಡಾರವು ೧೪೪೪ರಲ್ಲಿ ವಿದ್ಯಾರ್ಥಿಗಳಿಗೆ ತೆರೆಯಿತು.

ಆದರೆ ಅವನನ್ನು ನಿರ್ದೋಷಿಯೆಂದು ಹೊಗಳುವುದು ಸಲ್ಲದು. ನಗರದ ತೆರಿಗೆಯನ್ನು ವಿರೋಧಿಗಳ ಮೇಲೆ ಆಯುಧವಾಗಿ ಬಳಸಿದನೆಂಬ ಅಪವಾದ ಅವನ ಮೇಲಿದೆ. ಪ್ರಭುಗಳಿಗೆ ಸಾಲ ಬೇಡವೆಂದು ಕಾರಭಾರಿಗಳಿಗೆ ವಿಧಿಸಿದವನು ಮಿಲಾನಿನ ಪ್ರಭು ಫ್ರಾಂಚೆಸ್ಕೊ ಸ್ಫೋರ್ಜಾನಿಗೆ ರಾಜಕಾರಣದ ಸಲುವಾಗಿ ತಾನೇ ಹೇರಳವಾಗಿ ಸಾಲ ಕೊಟ್ಟನು. ಯಜಮಾನನು ತಾನೇ ಮುರಿದ ನಿಯಮವನ್ನು ಕಾರಭಾರಿಯು ಎಷ್ಟು ಕಾಲ ಪಾಲಿಸಿಯಾನು? ಎಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪೇಢಿಯ ಕೆಲಸವನ್ನು ತನ್ನಷ್ಟು ಬಲ್ಲ ಉತ್ತರಾಧಿಕಾರಿಯನ್ನು ಅವನು ಬಿಟ್ಟುಹೋಗಲಿಲ್ಲ. ಕಿರಿಯ ಮಗ ಜೊವಾನ್ನಿ ೧೪೬೩ರಲ್ಲಿ ತಂದೆಯ ಕಣ್ಣೆದುರಿಗೇ ತೀರಿಕೊಂಡನು. ಹಿರಿಯ ಮಗ ಪಿಯೆರೊ ಸಂಧಿವಾತದಿಂದ ಹಾಸಿಗೆ ಹಿಡಿದವನು. ಅರಸರ ಸಾಲಗಳನ್ನು ತಗ್ಗಿಸಬೇಕೆಂಬ ವಿವೇಕ ಅವನಲ್ಲಿದ್ದರೂ ಐದೇ ವರ್ಷದಲ್ಲಿ, ೧೪೬೯ರಲ್ಲಿ ಕಣ್ಮುಚ್ಚಿದನು. ಆಗ ಇಪ್ಪತ್ತು ವರ್ಷದ ಮೊಮ್ಮಗ ಲೊರೆಂಜೊ ಯಜಮಾನನಾದನು. ಅವನಿಗೆ ಕಾವ್ಯ, ತತ್ತ್ವಶಾಸ್ತ್ರ, ರಾಜಕಾರ್ಯಗಳಲ್ಲಿ ಒಳ್ಳೆಯ ಶಿಕ್ಷಣ ದೊರೆತಿತ್ತು. ಲೆಕ್ಕದ ಮಣೆಯ ಮುಂದೆ ಕುಳಿತು ಪಳಗುವ ಅವಕಾಶ ಮಾತ್ರ ದೊರೆತಿರಲಿಲ್ಲ.

ಕಣ್ಣು ತಪ್ಪಿದ ಮೇಲೆ

ಲೊರೆಂಜೊನ ಕಾಲದಲ್ಲಿ ಪೇಢಿಯ ಭಾರವೆಲ್ಲ ಮುಖ್ಯ ಕಾರಭಾರಿ ಫ್ರಾಂಚೆಸ್ಕೊ ಸಾಸೆಟ್ಟಿಯ ಮೇಲೆ ಬಿದ್ದಿತು. ಸಾಸೆಟ್ಟಿ ಅನುಭವಿಯೇ ಆದರೂ ಬೆಂಚಿಯ ಹಾಗೆ ಶಾಖೆಗಳ ಪುಸ್ತಕಗಳನ್ನು ಕೆದಕಿ ನೋಡುವವನಲ್ಲ. ಕಾರಭಾರಿಗಳು ಹೇಳಿದುದನ್ನು ನಂಬಿ ನಡೆಯುವವನು. ಕರಾರುಪತ್ರಗಳಲ್ಲಿ ಹಳೆಯ ಕಟ್ಟುಗಳು ಬಹುಮಟ್ಟಿಗೆ ಉಳಿದುಕೊಂಡಿದ್ದವು. ಅವುಗಳನ್ನು ನಡೆಸಿ ನೋಡುವ ಕಣ್ಣು ಇಲ್ಲವಾಯಿತು.

ಬ್ರೂಜಿನಲ್ಲಿ ತಾನಿಯ ಸ್ಥಾನಕ್ಕೆ ಬಂದವನು ತೊಮ್ಮಾಸೊ ಪೋರ್ತಿನಾರಿ. ಅವನು ಬುರ್ಗುಂಡಿಯ ಡ್ಯೂಕ್ ಚಾರ್ಲ್ಸನ ಆಪ್ತನಾಗಿ, ಅವನ ಮಂತ್ರಾಲೋಚನಾ ಸಭೆಯಲ್ಲಿ ಸ್ಥಾನ ಪಡೆದನು. ೧೪೬೬ರಲ್ಲಿ ಶಾಖೆಗಾಗಿ ಬ್ಲಾಡೆಲಿನ್ ಎಂಬ ಭವ್ಯ ಮಂದಿರವನ್ನು ಕೊಳ್ಳಲಾಯಿತು. ಡ್ಯೂಕನಿಗೆ ಸಾಲದ ಮೇಲೆ ಸಾಲ ಹೋಯಿತು. ಕರಾರಿನಲ್ಲಿ ಬರೆದ ಮಿತಿ ಮೀರಿ, ಕಡೆಗೆ ಆ ಬಾಕಿಯು ಶಾಖೆಯ ಬಂಡವಾಳವನ್ನೇ ಎಷ್ಟೋ ಮೀರಿ ನಿಂತಿತು. ಡ್ಯೂಕರಿಂದ ಬಂದ ಎರಡು ಹಡಗುಗಳನ್ನು ನಡೆಸುವ ಭಾರವನ್ನೂ ಪೋರ್ತಿನಾರಿ ಹೊತ್ತುಕೊಂಡನು. ೧೪೭೩ರಲ್ಲಿ ಅವುಗಳಲ್ಲೊಂದನ್ನು ಡಾನ್ಸಿಗ್ ನಗರದವರು ಸಮುದ್ರದಲ್ಲಿ ಹಿಡಿದುಕೊಂಡರು. ಅದರಲ್ಲಿದ್ದ ಸರಕಿನೊಂದಿಗೆ ಹಳೆಯ ಕಾರಭಾರಿ ತಾನಿಯು ಮೆಮ್ಲಿಂಗ್ ಎಂಬ ಚಿತ್ರಕಾರನಿಂದ ಬರೆಯಿಸಿದ ಅಂತಿಮ ತೀರ್ಪಿನ ಚಿತ್ರವೂ ಹೋಯಿತು. ಆ ಚಿತ್ರವು ಇಂದು ಗ್ಡಾನ್ಸ್ಕ್ ಎಂದು ಕರೆಯಿಸಿಕೊಳ್ಳುವ ಅದೇ ನಗರದ ವಸ್ತುಸಂಗ್ರಹಾಲಯದಲ್ಲಿದೆ. ೧೪೭೭ರ ಜನವರಿಯಲ್ಲಿ ನಾನ್ಸಿಯ ಯುದ್ಧದಲ್ಲಿ ಡ್ಯೂಕನು ಮಡಿದನು. ಸಾಲ ವಸೂಲಾಗುವ ಆಸೆ ಅವನೊಂದಿಗೆ ಹೋಯಿತು. ಡ್ಯೂಕನ ಕೃಪೆಗಾಗಿ, ತನ್ನ ದೊಡ್ಡಸ್ತಿಕೆಗಾಗಿ ಪೋರ್ತಿನಾರಿಯು ಮನೆಯ ಹಣವನ್ನು ಲೆಕ್ಕಿಸಲಿಲ್ಲವೆಂದು ಲೊರೆಂಜೊ ಆಮೇಲೆ ಕಹಿಯಾಗಿ ಬರೆದುಕೊಂಡನು.

ಲಂಡನ್ನಿನಲ್ಲಿ ಇಂಗ್ಲೆಂಡಿನ ಅರಸ ನಾಲ್ಕನೆಯ ಎಡ್ವರ್ಡನ ಸಾಲಗಳಿಂದ ಅದೇ ಗತಿಯಾಯಿತು. ಅದನ್ನು ಸರಿಪಡಿಸಲು ೧೪೬೭ರ ಸುಮಾರಿಗೆ ತಾನಿಯನ್ನೇ ಕಳುಹಿಸಿದ್ದರು. ಅವನು ಹರಸಾಹಸ ಮಾಡಿ ಸ್ವಲ್ಪ ಹಣವನ್ನು ಹಿಂದಕ್ಕೆ ಎಳೆದನಾದರೂ ಅದು ನಿಲ್ಲಲಿಲ್ಲ. ಪೋರ್ತಿನಾರಿಯ ಕೈ ಹಿಡಿಯಬೇಕೆಂದು ತಾನಿಯು ಲೊರೆಂಜೊನಿಗೆ ಮೊರೆಯಿಟ್ಟಾಗ, ಇಂಥ ವಿಷಯಗಳು ತನಗೆ ತಿಳಿಯವೆಂದು ಅವನು ಒಪ್ಪಿಕೊಂಡನೆಂದು ಚರಿತ್ರಕಾರರು ಹೇಳುತ್ತಾರೆ. ಎಚ್ಚರಿಸುವವನು ಇದ್ದನು. ಎಚ್ಚರಿಕೆಯನ್ನು ತೂಗಿ ನೋಡುವ ಬಲ ಯಜಮಾನನಲ್ಲಿ ಇರಲಿಲ್ಲ.

ಮೂರನೆಯ ಪೆಟ್ಟು ನೆಂಟಸ್ತಿಕೆಯ ಬಾಗಿಲಿನಿಂದ ಬಂದಿತು. ಲಿಯೋನ್ ನಗರದ ಶಾಖೆಯನ್ನು ನಡೆಸುತ್ತಿದ್ದ ಲಿಯೊನೆಟ್ಟೊ ರೋಸ್ಸಿಯು ಪಿಯೆರೊನ ಅನೌರಸ ಪುತ್ರಿಯನ್ನು ಮದುವೆಯಾದವನು, ಎಂದರೆ ಮನೆಯ ಅಳಿಯ. ಬರಲಾರದ ಬಾಕಿಗಳನ್ನು ಬರುವವೆಂದು ತೋರಿಸಿ, ಇಲ್ಲದ ಲಾಭವನ್ನು ಇದೆಯೆಂದು ಬರೆದ ಅವನ ಪತ್ರಿಕೆಗಳು ಬಹಳ ಕಾಲ ಪ್ರಶ್ನೆಯಿಲ್ಲದೆ ನಡೆದವು. ೧೪೮೫ರಲ್ಲಿ ಅವನನ್ನು ಫ್ಲಾರೆನ್ಸಿಗೆ ಕರೆಸಿ ಸೆರೆಯಲ್ಲಿಟ್ಟರು. ಅಷ್ಟರಲ್ಲಿ ಹಾನಿ ನಡೆದುಹೋಗಿತ್ತು. ವ್ಯಾಪಾರದ ಇಳಿಗಾಲ, ಯುದ್ಧಗಳು, ೧೪೭೮ರಲ್ಲಿ ಲೊರೆಂಜೊನ ಮೇಲೆ ನಡೆದ ಕೊಲೆಯ ಸಂಚು, ಪೋಪರ ವೈರ ಇವೆಲ್ಲವೂ ಪತನಕ್ಕೆ ಕಾರಣಗಳೇ. ಗಟ್ಟಿಯಾದ ಮನೆಯು ಅಂಥ ಬಿರುಗಾಳಿಗೆ ಮಣಿದು ಮತ್ತೆ ನಿಲ್ಲಬಹುದಾಗಿತ್ತು. ಈ ಪೇಢಿಯಲ್ಲಿ ಕೈಯಲ್ಲಿರುವ ನಗದು ಒಟ್ಟು ಆಸ್ತಿಯ ಹತ್ತರಲ್ಲೊಂದು ಪಾಲಿಗೂ ಕಡಿಮೆಯಿರುತ್ತಿದ್ದುದರಿಂದ, ಒಳಗೆ ಟೊಳ್ಳಾದ ಮೇಲೆ ತಡೆಯುವ ಶಕ್ತಿ ಉಳಿಯಲಿಲ್ಲ. ಶಾಖೆಗಳು ಒಂದೊಂದಾಗಿ ಮುಚ್ಚಿದವು. ಸಾಸೆಟ್ಟಿ ೧೪೯೦ರಲ್ಲಿಯೂ ಲೊರೆಂಜೊ ೧೪೯೨ರಲ್ಲಿಯೂ ತೀರಿಕೊಂಡರು. ೧೪೯೪ರಲ್ಲಿ ಮೆಡಿಚಿಗಳು ನಗರವನ್ನು ಬಿಟ್ಟೋಡಿದಾಗ ಪೇಢಿಯ ಕಥೆ ಮುಗಿಯಿತು.

ಗೃಹಸ್ಥರು ತಿಳಿಯತಕ್ಕುದು

ಈ ಚರಿತ್ರೆಯನ್ನು ಓದಿದವರು, ಕೋಸಿಮೊ ಸಂಶಯಪ್ರವೃತ್ತಿಯವನು, ಲೊರೆಂಜೊ ನಂಬುವ ಸ್ವಭಾವದವನು ಎಂದು ಎಣಿಸಬಹುದು. ವಿಚಾರಿಸಿ ನೋಡಿದರೆ ಹೆಚ್ಚು ನಂಬಿದವನು ಕೋಸಿಮೊನೇ. ವಾರಗಳ ದೂರದಲ್ಲಿದ್ದ ತಾನಿಯ ಕೈಯಲ್ಲಿ ೩,೦೦೦ ಪೌಂಡನ್ನು ಇಟ್ಟು, ಲಾಭದಲ್ಲಿ ಮಿಗಿಲಾದ ಪಾಲನ್ನೂ ಕೊಟ್ಟವನು ಅವನು. ವರ್ಷಕ್ಕೊಮ್ಮೆ ಲೆಕ್ಕ ನೋಡುವ ಏರ್ಪಾಡಿದ್ದುದರಿಂದಲೇ ಅಷ್ಟು ನಂಬುವುದು ಅವನಿಗೆ ಸಾಧ್ಯವಾಯಿತು. ಲೊರೆಂಜೊನದು ನಂಬಿಕೆಯೆನ್ನುವುದಕ್ಕಿಂತ ಉದಾಸೀನವೆನ್ನುವುದು ಸರಿ.

ಅಣ್ಣತಮ್ಮಂದಿರ ಅಂಗಡಿಗಳಲ್ಲಿ ಲೆಕ್ಕ ಕೇಳುವುದೆಂದರೆ ಒಬ್ಬರನ್ನೊಬ್ಬರು ಅವಮಾನಿಸಿದಂತೆ ಎಂಬ ಭಾವನೆ ಬೇರೂರಿದೆ. ಕೇಳಿದರೆ ಮನಸ್ಸು ಮುರಿಯುತ್ತದೆಂದು ಹಿರಿಯನು ಸುಮ್ಮನಿರುತ್ತಾನೆ. ಕೇಳಲಿಲ್ಲವಾದ್ದರಿಂದ ಕಿರಿಯನು ಹೇಳುವುದಿಲ್ಲ. ಹತ್ತು ವರ್ಷ ಹೀಗೆ ನಡೆದು ಒಂದು ದಿನ ಬಾಕಿಗಳು ಬಯಲಾದಾಗ ಹಣದೊಂದಿಗೆ ಒಡಹುಟ್ಟಿದವರ ಪ್ರೀತಿಯೂ ಹೋಗುತ್ತದೆ. ಲೆಕ್ಕ ಕೇಳುವ ದಿನವೊಂದು ಮೊದಲೇ ಗೊತ್ತಾಗಿದ್ದು, ಹಿರಿಯನೂ ಕಿರಿಯನೂ ಒಂದೇ ರೀತಿಯಲ್ಲಿ ಪುಸ್ತಕ ತೆರೆದಿಡುವ ರೂಢಿಯಿದ್ದರೆ ಯಾರಿಗೂ ಅವಮಾನವಾಗುವುದಿಲ್ಲ. ನಿಯಮವು ಎಲ್ಲರಿಗೂ ಒಂದೇ ಆದಾಗ ಅದು ಯಾರ ಮೇಲಿನ ಸಂಶಯವೂ ಅಲ್ಲ.

ಎರಡನೆಯದು, ಬೇಡವೆನ್ನುವ ಧೈರ್ಯ. ದೊಡ್ಡವನ ಸ್ನೇಹಕ್ಕಾಗಿಯೋ ಬೀಗರ ಮುಖ ನೋಡಿಯೋ ಕೊಡುವ ಸಾಲವು ಯಜಮಾನನ ಔದಾರ್ಯವೆನಿಸಲಾರದು. ಔದಾರ್ಯ ತೋರಬೇಕಾದರೆ ತನ್ನ ಪಾಲಿನ ಹಣದಿಂದ ತೋರಬೇಕು. ಊರಿನ ಸಹಕಾರಿ ಸಂಘದಲ್ಲಿ, ಪತ್ತಿನ ಸಂಸ್ಥೆಯಲ್ಲಿ ಆಡಳಿತ ನಡೆಸುವವರಿಗೂ ಇದು ಸಲ್ಲುವ ಮಾತು. ಹಾಗೆಯೇ ಹಣ ಇಡಲು ಹೋಗುವ ಗೃಹಸ್ಥನು ಕಟ್ಟಡದ ಭವ್ಯತೆಯನ್ನೂ ಹೇಳಿದ ಬಡ್ಡಿಯ ದರವನ್ನೂ ನೋಡಿ ಮರುಳಾಗದೆ, ಅಲ್ಲಿಯ ಸಾಲ ಯಾರಿಗೆ ಹೋಗುತ್ತಿದೆ, ಲೆಕ್ಕವನ್ನು ಯಾರು ತನಿಖೆ ಮಾಡುತ್ತಾರೆ, ಬಾರದ ಬಾಕಿಯನ್ನು ಬಾರದೆಂದೇ ಬರೆಯುತ್ತಾರೆಯೇ ಎಂದು ವಿಚಾರಿಸುವುದು ಒಳ್ಳೆಯದು. ಬ್ಲಾಡೆಲಿನ್ ಮಂದಿರವನ್ನು ಕಂಡು ಬ್ರೂಜ್ ಶಾಖೆ ಭದ್ರವೆಂದು ಎಣಿಸಿದವರೂ ಇದ್ದಿರಬೇಕು.

ಮೂರನೆಯದು ಮಕ್ಕಳ ಶಿಕ್ಷಣ. ಕಾವ್ಯವೂ ತತ್ತ್ವವೂ ಮನುಷ್ಯನನ್ನು ಎತ್ತರಕ್ಕೆ ಒಯ್ಯುತ್ತವೆ; ಲೊರೆಂಜೊನ ಹೆಸರು ಇಂದಿಗೂ ಉಳಿದಿರುವುದು ಅವುಗಳಿಂದಲೇ. ಆದರೆ ಮನೆತನದ ಪೇಢಿಯನ್ನು ವಹಿಸಿಕೊಳ್ಳಬೇಕಾದ ಮಗನು ಕೆಲವು ವರ್ಷ ಗುಮಾಸ್ತನ ಪಕ್ಕದಲ್ಲಿ ಕುಳಿತು ಕೀರ್ದಿ ಬರೆಯಬೇಕು, ಖಾತೆ ಮುಗಿಸಬೇಕು, ಸಾಲಗಾರನ ಮನೆಯ ಬಾಗಿಲಿಗೆ ಹೋಗಿ ವಸೂಲಿಯ ಕಷ್ಟವನ್ನು ತಿಳಿಯಬೇಕು. ಅವನಿಗೆ ಅದು ಒಲ್ಲದ ಕಾಯಕವಾದರೆ ಯಜಮಾನಿಕೆಯನ್ನು ಬೆಂಚಿಯಂಥ ಸಮರ್ಥನಿಗೆ ಒಪ್ಪಿಸಿ, ಅವನ ಲೆಕ್ಕವನ್ನು ತೂಗಿ ನೋಡುವಷ್ಟಾದರೂ ಕಲಿತಿರಬೇಕು. ಅದನ್ನೂ ಕಲಿಯದವನ ಕೈಗೆ ತಂದೆಯು ಬೀಗದ ಕೈಯನ್ನು ಕೊಟ್ಟರೆ, ಪ್ರೀತಿಯಿಂದ ಕೊಟ್ಟನೆಂಬುದು ಠೇವಣಿ ಇಟ್ಟವರಿಗೆ ಸಮಾಧಾನವಾಗದು.

ತಂದೆಯಾದವನು ಕಣ್ಣು ಕಾಣುವ ತನಕ ಪುಸ್ತಕ ನೋಡಬಲ್ಲನು. ಅವನು ಹೋದ ಮೇಲೆ ಆ ಪುಸ್ತಕಗಳನ್ನು ಓದುವವರು ಯಾರೆಂಬುದನ್ನು ಅವನು ಇರುವಾಗಲೇ ಗೊತ್ತುಮಾಡಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸತಕ್ಕದ್ದು. ಕೋಸಿಮೊ ಉಳಿದ ಎಲ್ಲವನ್ನೂ ಮಾಡಿ, ಇದೊಂದನ್ನು ಮಾಡದೆ ಹೋದನು.